ಬಾರದವರ ಪಟ್ಟಿ: ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ವೈದ್ಯರಿಗೆ

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಹುಕಾಲ ವೈದ್ಯಾಧಿಕಾರಿಯಾಗಿ ದುಡಿದು ನಿವೃತ್ತನಾದವನು ನಾನು. ಮೊದಲ ಬಾರಿಗೆ ಹಳ್ಳಿಯ ಕೇಂದ್ರದ ಹೊಣೆ ಹೊತ್ತ ತರುಣ ವೈದ್ಯರು ಆಗಾಗ ಮನೆಗೆ ಬಂದು, ಕೇಂದ್ರವನ್ನು ಹೇಗೆ ನಡೆಸಬೇಕೆಂದು ಕೇಳುತ್ತಾರೆ. ಔಷಧದ ದಾಸ್ತಾನು, ತಿಂಗಳ ವರದಿ, ಲಸಿಕೆಯ ಲೆಕ್ಕ ಇವುಗಳ ಕ್ರಮವನ್ನು ಇಲಾಖೆಯೇ ಕಲಿಸುತ್ತದೆ. ನಾನು ಹೇಳುವುದು ಬೇರೊಂದು ಕೆಲಸವನ್ನು. ಹೊರರೋಗಿಗಳ ರಿಜಿಸ್ಟರಿನಲ್ಲಿ ಬಂದವರ ಹೆಸರುಗಳಿರುತ್ತವೆ. ಬರಬೇಕಾಗಿದ್ದು ಬಾರದೆ ಹೋದವರ ಹೆಸರುಗಳಿಗಾಗಿ ನೀವು ಇನ್ನೊಂದು ಪುಸ್ತಕ ತೆರೆಯಿರಿ. ಹಳ್ಳಿಯ ದವಾಖಾನೆಯಲ್ಲಿ ಕರುಣೆ ಎಷ್ಟಿದೆ ಎಂಬುದು ಆ ಎರಡನೆಯ ಪುಸ್ತಕವನ್ನು ನೋಡಿದರೆ ತಿಳಿಯುತ್ತದೆ ಎಂದು ನಾನು ನಂಬಿದ್ದೇನೆ. ಎದುರಿಗೆ ಬಂದು ಕುಳಿತವರ ಮೇಲೆ ಮರುಕ ಹುಟ್ಟುವುದು ಸಹಜ, ಕಣ್ಣಿಗೆ ಕಾಣದವರನ್ನು ನೆನೆಯುವುದಕ್ಕೆ ಮಾತ್ರ ಒಂದು ಏರ್ಪಾಡು ಬೇಕಾಗುತ್ತದೆ.

ಮೊದಲ ತಿಂಗಳು: ಊರನ್ನು ತಿಳಿಯುವುದು

ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಐದು ಸಾವಿರಕ್ಕೆ ಒಂದು ಉಪಕೇಂದ್ರ, ಸಾವಿರಕ್ಕೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ಸರಕಾರದ ಮಾನದಂಡ. ಈ ಮೂವತ್ತು ಸಾವಿರ ಜನ ನಕ್ಷೆಯಲ್ಲಿ ಕಾಣುವಂತೆ ಊರೊಳಗೆ ಒತ್ತಾಗಿ ಇರುವುದಿಲ್ಲ. ನಮ್ಮ ಕಡೆ ನೀರಾವರಿ ಬಂದಲ್ಲೆಲ್ಲ ಒಕ್ಕಲುತನದ ಮನೆತನಗಳು ತೋಟದ ವಸ್ತಿಗಳಲ್ಲಿ ನೆಲೆಸಿವೆ, ತಾಂಡಾಗಳು ಊರಿನಿಂದ ದೂರ ಇವೆ, ಹೊಳೆ ದಂಡೆಯ ಊರುಗಳಲ್ಲಿ ಪ್ರವಾಹ ಬಂದಾಗ ಓಣಿಗಳೇ ಎದ್ದು ಗಂಜಿ ಕೇಂದ್ರಕ್ಕೆ ಹೋಗುತ್ತವೆ. ಆದ್ದರಿಂದ ಮೊದಲ ತಿಂಗಳಲ್ಲಿ ಪ್ರತಿ ಉಪಕೇಂದ್ರಕ್ಕೂ ಒಂದೊಂದು ಇಡೀ ದಿನ ಕೊಟ್ಟು, ಅಲ್ಲಿನ ಆರೋಗ್ಯ ಸಹಾಯಕಿ ಮತ್ತು ಆಶಾ ಕಾರ್ಯಕರ್ತೆಯರ ಜೊತೆಗೆ ನಡೆದು ಬನ್ನಿ. ಜೀಪಿನಲ್ಲಿ ಹೋದರೆ ರಸ್ತೆ ಮುಟ್ಟುವ ಮನೆಗಳಷ್ಟೇ ಕಾಣುತ್ತವೆ.

ನಡೆಯುವಾಗ ರೋಗದ ವಿಷಯ ಕೇಳುವುದಕ್ಕಿಂತ ಮೊದಲು ಸಂತೆಯ ದಿನ ಯಾವುದು, ವಸ್ತಿ ಬಸ್ಸು ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತದೆ, ಹೊಲಕ್ಕೆ ಹೋದ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಮರಳುತ್ತಾರೆ, ಯಾವ ತಿಂಗಳು ಯಾವ ಓಣಿಯವರು ಗುಳೆ ಹೋಗುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳಿ. ಗರ್ಭಿಣಿಯರ ತಪಾಸಣೆಯನ್ನು ಸಂತೆಯ ದಿನ ಇಟ್ಟುಕೊಂಡ ಒಂದು ಉಪಕೇಂದ್ರದಲ್ಲಿ ಹಾಜರಿ ಹೆಚ್ಚಿದ್ದನ್ನು ನಾನು ಕಂಡಿದ್ದೇನೆ. ಅಲ್ಲಿ ಯಾವ ಪ್ರಚಾರವನ್ನೂ ಮಾಡಿರಲಿಲ್ಲ, ಹೇಗೂ ಊರಿಗೆ ಬರುವ ದಿನವೇ ತಪಾಸಣೆ ಇದ್ದುದರಿಂದ ಜನ ಬಂದರು.

ನಿಮ್ಮ ಜೊತೆಗೆ ದುಡಿಯುವವರು

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ನನ್ನ ಮೊದಲ ಕೇಂದ್ರದ ಮಾಸಿಕ ಸಭೆಯಲ್ಲಿ, ಲಸಿಕೆಯ ಲೆಕ್ಕ ತಪ್ಪಿ ಬರೆದ ಒಬ್ಬ ಆಶಾ ಕಾರ್ಯಕರ್ತೆಯನ್ನು ಮೂವತ್ತು ಜನರ ಎದುರಿಗೆ ನಿಲ್ಲಿಸಿ ಗದರಿಸಿದೆ. ಆಕೆ ತಲೆ ತಗ್ಗಿಸಿ ನಿಂತಿದ್ದಳು, ಉಳಿದವರು ತಮ್ಮ ತಮ್ಮ ಡೈರಿಗಳನ್ನು ನೋಡುತ್ತ ಕುಳಿತಿದ್ದರು. ಮುಂದಿನ ತಿಂಗಳಿಂದ ಎಲ್ಲರ ಲೆಕ್ಕವೂ ಚೊಕ್ಕಟವಾಗಿ ಬರತೊಡಗಿತು. ನನ್ನ ಬಿಗಿ ಕೆಲಸ ಮಾಡಿತೆಂದು ನಾನು ತಿಳಿದೆ. ಕೆಲವು ತಿಂಗಳ ಮೇಲೆ ಒಂದು ತಾಂಡಾದಲ್ಲಿ ದಡಾರ ಎದ್ದು ಮನೆ ಮನೆ ತಿರುಗಿದಾಗ, ಲೆಕ್ಕದಲ್ಲಿ ಲಸಿಕೆ ಹಾಕಿಸಿಕೊಂಡಿದ್ದ ಹಲವು ಮಕ್ಕಳಿಗೆ ಲಸಿಕೆಯೇ ಆಗಿರಲಿಲ್ಲ. ತಂದೆತಾಯಿ ಕೂಲಿಗೆಂದು ಮಕ್ಕಳನ್ನು ಕಟ್ಟಿಕೊಂಡು ಹೊರಟುಹೋಗಿದ್ದರು, ಆ ಮಾತನ್ನು ನನ್ನ ಮುಂದೆ ಆಡಲು ಯಾರಿಗೂ ಧೈರ್ಯವಿರಲಿಲ್ಲ. ಬಾರದವರ ಹೆಸರು ಹೇಳಿದವರಿಗೆ ಬೈಗುಳ ಸಿಗುವ ಕಡೆ ಬಾರದವರ ಪಟ್ಟಿ ಎಂದಿಗೂ ತುಂಬುವುದಿಲ್ಲ.

ಅಂದಿನಿಂದ ನಾನು ಪಾಲಿಸಿದ ಕ್ರಮ ಹೀಗಿತ್ತು. ಸಭೆಯಲ್ಲಿ ಎಲ್ಲರಿಗೂ ಕುರ್ಚಿ ಇರಬೇಕು, ಕುರ್ಚಿ ಸಾಲದಿದ್ದರೆ ವೈದ್ಯರೂ ಜಮಖಾನೆಯ ಮೇಲೆ ಕೂಡಬೇಕು. ಸಭೆ ಹನ್ನೊಂದಕ್ಕೆ ಎಂದರೆ ಹನ್ನೊಂದಕ್ಕೇ ಆರಂಭವಾಗಬೇಕು, ಏಕೆಂದರೆ ಎಂಟು ಹತ್ತು ಕಿಲೋಮೀಟರ್ ದೂರದಿಂದ ಬಂದ ಹೆಣ್ಣುಮಗಳು ಸಂಜೆಯ ಬಸ್ಸು ತಪ್ಪಿಸಿಕೊಂಡರೆ ಮನೆಯಲ್ಲಿ ಉತ್ತರ ಹೇಳಬೇಕಾದವಳು ಅವಳೇ. ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನದ ಅರ್ಜಿಗಳನ್ನು ಅದೇ ದಿನ ನೋಡಿ ಸಹಿ ಮಾಡಿ ಮೇಲಕ್ಕೆ ಕಳಿಸಬೇಕು. ಒಂದು ಕಾಗದ ನಿಮ್ಮ ಮೇಜಿನ ಮೇಲೆ ಹದಿನೈದು ದಿನ ಕುಳಿತರೆ ಒಂದು ಮನೆಯ ಕಿರಾಣಿ ಸಾಲ ಅಷ್ಟು ದಿನ ಬೆಳೆಯುತ್ತದೆ. ತಪ್ಪಿದವರಿಗೆ ತಪ್ಪನ್ನು ಒಳಗೆ ಕರೆದು ಹೇಳಬೇಕು, ಒಳ್ಳೆಯ ಕೆಲಸವನ್ನು ಎಲ್ಲರ ಮುಂದೆ ಹೆಸರು ಹಿಡಿದು ಹೇಳಬೇಕು. ನೀವು "ಅಕ್ಕಾರ" ಎಂದು ಕರೆದವರನ್ನು ಊರಿನ ಹಿರಿಯರೂ ಹಾಗೆಯೇ ಕರೆಯತೊಡಗುತ್ತಾರೆ.

ಈ ಹೆಣ್ಣುಮಕ್ಕಳ ಕೈಯಲ್ಲಿ ಎಂಥ ಶಕ್ತಿ ಇದೆ ಎಂಬುದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯೇ ಜಗತ್ತಿಗೆ ಸಾಕ್ಷಿ ಒದಗಿಸಿದೆ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಜ್ಞರು ಪಾಲುಗೊಂಡ ಒಂದು ಅಧ್ಯಯನದಲ್ಲಿ, ಜಿಲ್ಲೆಯ ಹಳ್ಳಿಗಳಲ್ಲಿ ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾದ 1620 ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆಗಳನ್ನೂ ಉಳಿದವರಿಗೆ ಔಷಧವಿಲ್ಲದ ಗುಳಿಗೆಗಳನ್ನೂ ಕೊಡಲಾಯಿತು. ಔಷಧ ಪಡೆದವರಲ್ಲಿ ಹೆರಿಗೆಯ ನಂತರದ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶದ ಹಿಂದೆ, ರಾತ್ರಿ ಹಗಲೆನ್ನದೆ ಆ ಮನೆಗಳಿಗೆ ಹೋದ ಕಿರಿಯ ಆರೋಗ್ಯ ಸಹಾಯಕಿಯರಿದ್ದರು. ಗುಳಿಗೆ ಕೊಟ್ಟವರೂ ಅವರೇ, ಹರಿದ ರಕ್ತವನ್ನು ಅಳೆದು ಬರೆದವರೂ ಅವರೇ. ನಿಮ್ಮ ಕೇಂದ್ರದ ಸಿಸ್ಟರ್‌ಗಳಿಗೆ ಈ ಸಂಗತಿಯನ್ನು ಒಮ್ಮೆ ಓದಿ ಹೇಳಿ. ನಾನು ಹೇಳಿದಾಗ ಒಬ್ಬ ಹಿರಿಯ ಸಿಸ್ಟರ್ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಪಟ್ಟಿ ಬರೆಯುವ ಬಗೆ

ಇನ್ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಪ್ರತಿ ಉಪಕೇಂದ್ರಕ್ಕೆ ಒಂದಿಷ್ಟು ಪುಟ ಬಿಟ್ಟು, ಹೆಸರು, ಓಣಿ ಅಥವಾ ವಸ್ತಿ, ಬರಬೇಕಾಗಿದ್ದ ದಿನ, ಹೋಗಿ ನೋಡಿದವರು ಯಾರು, ಬಾರದಿರಲು ಕಾರಣವೇನು, ಏನು ಮಾಡಲಾಯಿತು ಎಂಬ ಆರು ಮನೆಗಳನ್ನು ಎಳೆಯಿರಿ. ಎಲ್ಲ ರೋಗಗಳನ್ನೂ ಇದರಲ್ಲಿ ತುಂಬಲು ಹೋದರೆ ಪುಸ್ತಕ ಮೂರು ತಿಂಗಳಲ್ಲಿ ಸಾಯುತ್ತದೆ. ಗರ್ಭಿಣಿ ಮತ್ತು ಬಾಣಂತಿಯರು, ಲಸಿಕೆ ತಪ್ಪಿದ ಮಕ್ಕಳು, ಬಿಪಿ ಮತ್ತು ಸಕ್ಕರೆ ಕಾಯಿಲೆಯವರು, ಕ್ಷಯದ ಔಷಧ ತೆಗೆದುಕೊಳ್ಳುತ್ತಿರುವವರು, ಈ ನಾಲ್ಕು ಬಗೆಯವರಷ್ಟೇ ಸಾಕು. ಪ್ರತಿ ಶನಿವಾರ ಮಧ್ಯಾಹ್ನ ಅರ್ಧ ತಾಸು ಸಿಸ್ಟರ್‌ಗಳ ಜೊತೆಗೆ ಫೋನಿನಲ್ಲಾದರೂ ಕುಳಿತು ಆ ವಾರದ ಹೆಸರುಗಳನ್ನು ತುಂಬಿ. ಏಳು ದಿನದೊಳಗೆ ಯಾರಾದರೊಬ್ಬರು ಆ ಮನೆಯ ಬಾಗಿಲಿಗೆ ಹೋಗಿರಬೇಕು, ಮತ್ತು ತಿಂಗಳಿಗೆ ಕನಿಷ್ಠ ನಾಲ್ಕು ಮನೆಗಳಿಗೆ ನೀವೇ ಹೋಗಬೇಕು.

ಬಾಗಿಲಲ್ಲಿ ನಿಂತು ಆಡುವ ಮೊದಲ ಮಾತು ಬಹಳ ಮುಖ್ಯ. "ಯಾಕ ಬರಲಿಲ್ಲ?" ಎಂದು ಕೇಳಿದರೆ ನೆವ ಸಿಗುತ್ತದೆ. "ಹೆಂಗದೀರಿ ಅವ್ವಾ, ಊಟ ಆತೇನ್ರಿ?" ಎಂದು ಕೇಳಿ, ಕೊಟ್ಟ ನೀರು ಕುಡಿದು, ಸ್ವಲ್ಪ ಹೊತ್ತು ಕುಳಿತರೆ ಕಾರಣ ತಾನಾಗಿ ಹೊರಗೆ ಬರುತ್ತದೆ.

ಒಂದು ತೋಟದ ವಸ್ತಿಯ ಅಜ್ಜಿ ನನಗೆ ಇದನ್ನು ಕಲಿಸಿದರು. ಬಿಪಿ ಔಷಧ ಒಯ್ಯಲು ತಿಂಗಳ ಮೇಲೆ ತಿಂಗಳು ತಪ್ಪಿಸಿದ್ದರು. ಮನೆಗೆ ಹೋಗಿ ನೋಡಿದರೆ ರಕ್ತದೊತ್ತಡ 178/104 ಇತ್ತು. "ಗುಳಿಗಿ ಅದಾವ್ರಿ ಸಾಹೇಬ್ರ, ಒಂದು ದಿನಾನೂ ತಪ್ಪಿಸಿಲ್ಲ" ಎಂದು ಸೊಂಟದಿಂದ ಎಲೆ ಅಡಿಕೆಯ ಸಂಚಿ ತೆಗೆದು ಬಿಚ್ಚಿದರು. ಒಂದು ಅರೆಯಲ್ಲಿ ಅಡಿಕೆ ಹೋಳು, ಇನ್ನೊಂದರಲ್ಲಿ ಸುಣ್ಣದ ಡಬ್ಬಿ, ಮೂರನೆಯದರಲ್ಲಿ ಅಡಕೊತ್ತಿನಿಂದ ಅರ್ಧರ್ಧ ಕತ್ತರಿಸಿಟ್ಟ ಅಮ್ಲೋಡಿಪಿನ್ ಗುಳಿಗೆಗಳು. ಮೂವತ್ತು ದಿನದ ಔಷಧವನ್ನು ಅವರು ಅರವತ್ತು ದಿನ ಬರುವಂತೆ ಮಾಡಿಕೊಂಡಿದ್ದರು. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೀಟು ಉಚಿತವಾಗಿದೆಯಲ್ಲ ಎಂದು ನಾನು ಕೇಳಿದೆ. "ಬಸ್ಸಿನ ತನಕ ಮಗ ಗಾಡಿ ಮ್ಯಾಲೆ ಬಿಡಬೇಕಲ್ರಿ, ಮತ್ತ ಕರಕೊಂಡ ಬರಬೇಕು. ಅವನ ಒಂದ ದಿನದ ಪಗಾರ ಹೋಗ್ತದ" ಎಂದರು. ಆ ಮಗ ದಿನವೂ ಬೆಳಿಗ್ಗೆ ಊರ ಡೇರಿಗೆ ಹಾಲು ಹಾಕಲು ಬರುತ್ತಿದ್ದ. ಡೇರಿಯಿಂದ ಉಪಕೇಂದ್ರ ನೂರು ಹೆಜ್ಜೆ. ಔಷಧವನ್ನು ಹೆಸರು ಬರೆದ ಲಕೋಟೆಯಲ್ಲಿ ಹಾಕಿ, ತಿಂಗಳ ಮೊದಲ ವಾರ ಹಾಲಿನ ವೇಳೆಗೆ ಸಿಸ್ಟರ್ ಆತನ ಕೈಗೆ ಕೊಡುವುದು, ಎರಡು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಬಿಪಿ ನೋಡುವುದು ಎಂದು ಗೊತ್ತುಪಡಿಸಿದೆವು. ಔಷಧ ಒಯ್ಯಲು ಮನೆಯವರು ಯಾರು ಬಂದರೂ ಕೊಡಬಹುದೆಂಬ ಈ ಏರ್ಪಾಡಿನಿಂದ ಅದೇ ದಾರಿಯ ಇನ್ನೂ ಹನ್ನೊಂದು ಹೆಸರುಗಳು ಪಟ್ಟಿಯಿಂದ ಹೊರಗೆ ಹೋದವು.

ಗರ್ಭಿಣಿಯರ ವಿಷಯದಲ್ಲಿ ಪಟ್ಟಿ ಬೇರೊಂದು ಸಂಗತಿಯನ್ನು ತೋರಿಸುತ್ತದೆ. ಪ್ರತಿ ತಿಂಗಳು 9ನೇ ತಾರೀಖಿನ ಗರ್ಭಿಣಿ ತಪಾಸಣೆಗೆ ತಪ್ಪದೆ ಬರುತ್ತಿದ್ದವಳು ಏಳು ತಿಂಗಳಾದ ಮೇಲೆ ಇದ್ದಕ್ಕಿದ್ದಂತೆ ಕಾಣೆಯಾಗುತ್ತಾಳೆ. ಕುಬಸ, ಅಂದರೆ ಸೀಮಂತ, ಮಾಡಿ ತವರಿನವರು ಕರೆದುಕೊಂಡು ಹೋಗಿರುತ್ತಾರೆ. ಇಲ್ಲಿನ ಪುಸ್ತಕದಲ್ಲಿ ಆಕೆ "ಊರಲ್ಲಿಲ್ಲ" ಆಗುತ್ತಾಳೆ, ಅಲ್ಲಿನ ಪುಸ್ತಕದಲ್ಲಿ ಇನ್ನೂ ಹೆಸರೇ ಬಂದಿರುವುದಿಲ್ಲ. ಅತ್ಯಂತ ಕಾಳಜಿ ಬೇಕಾದ ಎರಡು ತಿಂಗಳು ಆಕೆ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಆದ್ದರಿಂದ ಮೊದಲ ನೋಂದಣಿಯಲ್ಲೇ ತವರಿನ ಊರು, ತವರಿನವರ ಫೋನ್ ಬರೆದುಕೊಳ್ಳಿ. ಕುಬಸದ ಸುದ್ದಿ ಆಶಾ ಕಾರ್ಯಕರ್ತೆಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಅದೇ ವಾರ ತವರಿನ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಹೆಸರು, ಹೆರಿಗೆಯ ಅಂದಾಜು ದಿನ, ಹಿಮೋಗ್ಲೋಬಿನ್, ಬಿಪಿ ತಿಳಿಸಲಿ, ತಾಯಿ ಕಾರ್ಡು ಆಕೆಯ ಚೀಲದಲ್ಲಿ ಇದೆಯೇ ಎಂದು ನೋಡಲಿ. ನಿಮ್ಮ ಊರಿಗೆ ಹೆರಿಗೆಗೆಂದು ಬಂದ ಹೆಣ್ಣುಮಕ್ಕಳಿಗೂ ಪುಸ್ತಕದಲ್ಲಿ ಒಂದು ಪುಟ ಇರಲಿ.

ರಕ್ತಹೀನತೆಯ ಗುಳಿಗೆಯ ಮಾತನ್ನು ಸೊಸೆಯ ಜೊತೆಗೆ ಆಡಿದರೆ ಅರ್ಧ ಕೆಲಸ ಮಾತ್ರ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ ಎಂಬುದು ನಿಮಗೆ ಗೊತ್ತು. ಆದರೆ ಗುಳಿಗೆ ತಿಂದರೆ ಕೂಸು ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಅಂಜಿಕೆ ಅತ್ತೆಯದು, ಮತ್ತು ಆ ಅಂಜಿಕೆಯಲ್ಲಿ ಸೊಸೆಯ ಮೇಲಿನ ಪ್ರೀತಿಯೇ ಇದೆ. ಅತ್ತೆಯನ್ನು ಜರೆಯಬೇಡಿ. "ನೀವ ದಿನಾ ರಾತ್ರಿ ಊಟ ಆದ ಮ್ಯಾಲೆ ನಿಮ್ಮ ಕೈಯಾರೆ ಕೊಡ್ರಿ" ಎಂದು ಹೊಣೆಯನ್ನು ಅವರಿಗೇ ಒಪ್ಪಿಸಿ. ಚಹಾದ ಜೊತೆಗೆ ಬೇಡ, ಮಲ ಕಪ್ಪಾದರೆ ಗಾಬರಿ ಬೇಡ ಎಂದು ಮೊದಲೇ ಹೇಳಿಡಿ.

ಕಬ್ಬಿನ ಟೋಳಿಗಳು

ಕಬ್ಬು ನುರಿಸುವ ಹಂಗಾಮು ಆರಂಭವಾದರೆ ಮುಧೋಳ, ಜಮಖಂಡಿ, ಅಥಣಿ, ಚಿಕ್ಕೋಡಿ ಕಡೆಯ ಹೊಲಗಳಲ್ಲಿ ಕಬ್ಬು ಕಡಿಯುವ ಟೋಳಿಗಳು ಬಂದಿಳಿಯುತ್ತವೆ. ಅವರು ನಿಮ್ಮ ಮೂವತ್ತು ಸಾವಿರದಲ್ಲಿ ಇಲ್ಲ, ಅವರ ಮಕ್ಕಳು ನಿಮ್ಮ ಅಂಗನವಾಡಿಯ ಪುಸ್ತಕದಲ್ಲಿ ಇಲ್ಲ. ಅವರೂ ನಿಮ್ಮ ಜನವೇ ಎಂದು ಮೊದಲು ನಿಶ್ಚಯಿಸಿಕೊಳ್ಳಿ. ಟೋಳಿ ಇಂದು ಯಾರ ಹೊಲದಲ್ಲಿದೆ, ನಾಳೆ ಎಲ್ಲಿಗೆ ಹೋಗುತ್ತದೆ ಎಂಬುದು ಟೋಳಿಯ ಮುಕಾದಮನಿಗೂ ಕಾರ್ಖಾನೆಯ ಫೀಲ್ಡ್‌ಮನ್‌ನಿಗೂ ಗೊತ್ತಿರುತ್ತದೆ, ಆ ಇಬ್ಬರ ಫೋನ್ ನಿಮ್ಮ ಬಳಿ ಇರಬೇಕು. ನಸುಕಿನಲ್ಲಿ ಕೆಲಸಕ್ಕೆ ಹೋಗುವ ಜನ ಕತ್ತಲಾದ ಮೇಲೆ ಜೋಪಡಿಗೆ ಮರಳುವುದರಿಂದ ಲಸಿಕೆ, ಗರ್ಭಿಣಿ ತಪಾಸಣೆ ಅಲ್ಲಿಯೇ ಆ ಹೊತ್ತಿಗೆ ನಡೆಯಬೇಕು. ಹಾಕಿದ ಲಸಿಕೆಯ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಾಯಿಯ ಕೈಗೆ ಕೊಡಿ. ನಿಮ್ಮ ಊರಿನಿಂದ ಗುಳೆ ಹೋಗುವವರಿಗೂ ಹೊರಡುವ ಮುಂಚೆಯೇ ಬಿಪಿ, ಸಕ್ಕರೆ ಕಾಯಿಲೆಯ ಹೆಚ್ಚಿನ ಔಷಧ ಕೊಟ್ಟು ಕಳಿಸಿ. ಕ್ಷಯರೋಗಿಯಾದರೆ ಹೋಗುವ ಊರಿನ ಕೇಂದ್ರಕ್ಕೆ ಸರಕಾರದ ಕ್ಷಯರೋಗಿಗಳ ಆನ್‌ಲೈನ್ ದಾಖಲೆಯಾದ ನಿಕ್ಷಯ್ ಮೂಲಕ ವರ್ಗಾಯಿಸಿ, ಆತ ಅಲ್ಲಿ ಮುಟ್ಟಿದನೇ ಎಂದು ವಾರದೊಳಗೆ ಫೋನ್ ಮಾಡಿ ಕೇಳಿ.

ಇದೇ ಹಂಗಾಮಿನಲ್ಲಿ, ಮತ್ತು ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಹೋಗುವ ತಿಂಗಳುಗಳಲ್ಲಿ, ಹಾವು ಕಡಿದವರು ಬರುತ್ತಾರೆ. ಕೈಯಲ್ಲಿ ವಿದ್ಯೆ ಸಿದ್ಧವಿಲ್ಲದಿದ್ದರೆ ಕರುಣೆಯಿಂದ ಆಗ ಯಾವ ಪ್ರಯೋಜನವೂ ಇಲ್ಲ. ಹಾವಿನ ವಿಷದ ಪ್ರತಿವಿಷ ಎಷ್ಟು ವಯಲ್ ಇದೆ, ಅದರ ಅವಧಿ ಯಾವಾಗ ಮುಗಿಯುತ್ತದೆ ಎಂದು ಪ್ರತಿ ಸೋಮವಾರ ನೀವೇ ನೋಡಿ. ಸೋಪಿನಿಂದ ತೊಳೆಯದ, ಹೊಸ, ಸ್ವಚ್ಛ, ಒಣ ಗಾಜಿನ ನಳಿಕೆಯಲ್ಲಿ ಎರಡು ಮಿಲಿ ರಕ್ತ ತೆಗೆದು ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ ಪರೀಕ್ಷೆ ಪ್ರತಿಯೊಬ್ಬ ಸಿಸ್ಟರ್‌ಗೂ ಬರಬೇಕು. ವಿಷ ಏರಿದ ಲಕ್ಷಣ ಕಂಡರೆ ಮಗುವಿಗೂ ದೊಡ್ಡವರಷ್ಟೇ ಪ್ರಮಾಣ, ಮೊದಲಿಗೆ ಹತ್ತು ವಯಲ್. ಅಡ್ರಿನಲಿನ್ ಸಿರಿಂಜಿನಲ್ಲಿ ಸಿದ್ಧವಿರಲಿ, ರೆಪ್ಪೆ ಜೋಲುತ್ತಿದ್ದರೆ ಅಟ್ರೋಪಿನ್ ಮತ್ತು ನಿಯೋಸ್ಟಿಗ್ಮಿನ್ ಸಿದ್ಧವಿರಲಿ. ಮೊದಲ ಪ್ರಮಾಣ ಕೊಡದೆ "ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ" ಎಂದು ಚೀಟಿ ಬರೆಯಬೇಡಿ. ಊರಲ್ಲಿ ಮಂತ್ರ ಹಾಕುವ ಹಿರಿಯರಿದ್ದರೆ ಅವರ ಮನೆಗೆ ಹೋಗಿ ಕುಳಿತು ಮಾತಾಡಿ. ನಾನು ಒಬ್ಬರನ್ನು ಬೇಡಿಕೊಂಡಿದ್ದು ಇಷ್ಟೇ: "ಅಜ್ಜಾರ, ನೀವು ಮಂತ್ರ ಹಾಕೂದು ಗಾಡ್ಯಾಗ ಕುಂತ ಹಾಕ್ರಿ, ಗಾಡಿ ದವಾಖಾನಿ ಕಡೆ ಬರಲಿ." ಅವರು ಒಪ್ಪಿದರು, ಆಮೇಲೆ ಎಷ್ಟೋ ಜನರ ಜೊತೆಗೆ ತಾವೇ ಬಂದರು.

ಊರಿನ ನೆರವು

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿಯ ಮುಕ್ತ ನಿಧಿಯ ಅವಕಾಶವಿದೆ, ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇದೆ. ಈ ಹಣ ಯಾವುದಕ್ಕೆ ಹೋಗಬೇಕೆಂದು ಹೇಳಲು ಬಾರದವರ ಪಟ್ಟಿಯ ಐದನೆಯ ಮನೆಯೇ ಸಾಕು: ಕಾರಣಗಳನ್ನು ಸಭೆಯಲ್ಲಿ ಹೆಸರಿಲ್ಲದೆ ಓದಿ. ಕುಡಿಯುವ ನೀರಿಲ್ಲ, ಕೂಡಲು ನೆರಳಿಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯದ ಕೀಲಿ ಸಿಗುವುದಿಲ್ಲ ಎಂಬಂಥ ಕಾರಣಗಳನ್ನು ಕೇಳಿದ ಮೇಲೆ ಪಂಚಾಯಿತಿ ಸದಸ್ಯರೇ ಎದ್ದು ಮಾತಾಡುತ್ತಾರೆ.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ ಐಕ್ಯರಾದ ಕೂಡಲಸಂಗಮವೂ ನಮ್ಮ ನೆಲದಲ್ಲೇ ಇವೆ. ದಾಸೋಹ ಎಂದರೇನೆಂದು ಇಲ್ಲಿನ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಮಠಗಳು, ಸ್ತ್ರೀಶಕ್ತಿ ಸಂಘಗಳು, ಮಾಸ್ತರರು, ತರುಣರ ಸಂಘಗಳು ಕೇಳಿದರೆ ಕೊಡುತ್ತವೆ. ಕೇಳುವಾಗ "ಸಹಾಯ ಮಾಡಿ" ಎನ್ನದೆ ಇಂಥದ್ದು, ಇಷ್ಟು, ಇಂಥ ದಿನಕ್ಕೆ ಎಂದು ಕೇಳಿ. ಕ್ಷಯರೋಗಿಗಳಿಗೆ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1000 ರೂಪಾಯಿ ಪೌಷ್ಟಿಕ ನೆರವು ಕೊಡುತ್ತದೆ. ಅದರ ಜೊತೆಗೆ ನಿಕ್ಷಯ್ ಮಿತ್ರರಾಗಿ ಆರು ತಿಂಗಳು ಶೇಂಗಾ, ಬೇಳೆ, ಎಣ್ಣೆ ಕೊಡುವ ದಾನಿಗಳು ಸಿಗುತ್ತಾರೆ. ಆದರೆ ಕಿಟ್ ಹಿಡಿದುಕೊಂಡು ನಿಂತ ರೋಗಿಯ ಫೋಟೊ ತೆಗೆಯಲು ಎಂದಿಗೂ ಬಿಡಬೇಡಿ, ದಾನಿಗಳು ಎಷ್ಟೇ ದೊಡ್ಡವರಿರಲಿ. ಒಂದು ಫೋಟೊದಿಂದ ಒಬ್ಬ ಹೆಣ್ಣುಮಗಳ ಲಗ್ನ ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಾವಿನ ಮನೆಗೆ ಹೋಗುವುದು

ಎಷ್ಟು ಮಾಡಿದರೂ ಕೆಲವರು ಉಳಿಯುವುದಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದವರ ಬಗ್ಗೆ ಮರುದಿನ ಫೋನ್ ಮಾಡಿ ಕೇಳುವ ರೂಢಿ ನಿಮಗಿದ್ದರೆ ಸುದ್ದಿ ನಿಮಗೇ ಮೊದಲು ತಿಳಿಯುತ್ತದೆ. ತಾಯಿಯೋ ಕೂಸೋ ತೀರಿಕೊಂಡಾಗ ಇಲಾಖೆಯ ವಿಚಾರಣೆಯ ಕಾಗದ ಹಿಡಿದು ಹೋಗುವುದಕ್ಕಿಂತ ಮೊದಲೇ, ಬರಿಗೈಯಲ್ಲಿ ಒಮ್ಮೆ ಹೋಗಿ ಬನ್ನಿ. ಆಶಾ ಕಾರ್ಯಕರ್ತೆಯನ್ನು ಒಬ್ಬಳನ್ನೇ ಕಳಿಸಬೇಡಿ, ಆ ದಿನ ಊರಿನ ಸಿಟ್ಟೆಲ್ಲ ಅವಳ ಮೇಲೆಯೇ ಬೀಳುತ್ತದೆ. ಪಡಸಾಲೆಯಲ್ಲಿ ಗಂಡಸರ ನಡುವೆ ಕುಳಿತುಕೊಳ್ಳಿ, ಬೈದರೆ ಬೈಸಿಕೊಳ್ಳಿ, ನಿಮ್ಮ ಕೇಂದ್ರದಿಂದ ತಡವಾಗಿದ್ದರೆ ತಡವಾಯಿತೆಂದು ಒಪ್ಪಿಕೊಳ್ಳಿ. ಏನು ನಡೆಯಿತೆಂದು ಅವರು ಕೇಳಿದರೆ ತಿಳಿಯುವ ಮಾತಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿ. ಮರಳಿ ಬರುವಾಗ ದಾರಿಯಲ್ಲಿ ಜೊತೆಗಿದ್ದ ಸಿಸ್ಟರ್ ಅತ್ತರೆ ಗಾಡಿ ನಿಲ್ಲಿಸಿ, ಆಕೆಗೆ ಅಳಲು ಹೊತ್ತು ಕೊಡಿ.

ವರ್ಗವಾದಾಗ

ಮೂರು ನಾಲ್ಕು ವರ್ಷಕ್ಕೆ ನಿಮಗೆ ವರ್ಗವಾಗುತ್ತದೆ. ದಾಸ್ತಾನಿನ ಪುಸ್ತಕ, ಬೀರುವಿನ ಕೀಲಿ, ಸಮಿತಿಯ ಪಾಸ್‌ಬುಕ್ಕುಗಳನ್ನು ಒಪ್ಪಿಸುವ ದಿನ ಬಾರದವರ ಪುಸ್ತಕವನ್ನು ಅವುಗಳ ರಾಶಿಯಲ್ಲಿ ಇಟ್ಟು ಬರಬೇಡಿ. ಬಂದ ವೈದ್ಯರನ್ನು, ಸಿಸ್ಟರ್‌ಗಳನ್ನು, ಆಶಾ ಕಾರ್ಯಕರ್ತೆಯರನ್ನು ಒಟ್ಟಿಗೆ ಕೂರಿಸಿ, ಆ ವಾರದ ಪುಟ ತೆಗೆದು, ಒಂದೊಂದೇ ಹೆಸರು ಓದಿ: ಈಕೆಯ ತವರು ಸಿಂದಗಿ ಕಡೆ, ಈತನ ಮಗ ಹಾಲು ಹಾಕಲು ಬರುತ್ತಾನೆ, ಈ ಮನೆಯ ನಾಯಿ ಕಚ್ಚುವುದಿಲ್ಲ, ಈ ಅಜ್ಜನಿಗೆ ಬಲಗಿವಿ ಕೇಳಿಸುವುದಿಲ್ಲ, ಎಡಕ್ಕೆ ಕುಳಿತು ಮಾತಾಡಬೇಕು. ನನಗೆ ಕೊನೆಯ ಕೇಂದ್ರದಲ್ಲಿ ಹದಿನೇಳು ಹೆಸರುಗಳಿಗೆ ಎರಡು ತಾಸು ಹಿಡಿಯಿತು. ಹೊಸದಾಗಿ ಬಂದ ಡಾಕ್ಟರಮ್ಮ ಪೆನ್ನು ತೆಗೆದು, ಆರು ಮನೆಗಳ ಪಕ್ಕದಲ್ಲಿ ಏಳನೆಯದೊಂದನ್ನು ಎಳೆದುಕೊಂಡು ಬರೆಯತೊಡಗಿದರು.